ಕೊರಿಯಾದ ಹುಡುಗ ಕಲಿಸಿದ ಪ್ರಶ್ನೆ

ಗಂಡಿನ ಕಡೆಯವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಇನ್ನು ಒಳ್ಳೆಯ ದಿನ ನೋಡೋಣ ಎನ್ನುತ್ತಿದ್ದರು. ಅಷ್ಟರಲ್ಲಿ ನನ್ನ ಅತ್ತೆ ಒಳಗಿನಿಂದ ನಡುಮನೆಗೆ ಬಂದು, ಎಲ್ಲರ ಎದುರೇ ಮಗಳು ಶೈಲಾಳನ್ನು ಕೇಳಿದರು: "ನಿಂಗೆ ಈ ಹುಡ್ಗ ಒಪ್ಪಿಗೇನೇನೇ?"

ತುರುವೇಕೆರೆಯ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳನ್ನು ಯಾರೂ ಹೀಗೆ ಕೇಳಿದ್ದಿಲ್ಲ. ಮಾವನವರು ಬಾಯಿಯ ಹತ್ತಿರ ಒಯ್ದಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಶೈಲಾ ತಲೆ ತಗ್ಗಿಸಿಕೊಂಡೇ "ಇಲ್ಲಮ್ಮ" ಎಂದಳು.

ಬಂದವರು ಹೊರಟ ಮೇಲೆ ಮಾವ ರೇಗಿದರು. "ಯಾರೇ ನಿಂಗೆ ಇದನ್ನೆಲ್ಲ ಹೇಳ್ಕೊಟ್ಟಿದ್ದು?"

"ಆ ಕೊರಿಯಾ ಧಾರಾವಾಹೀಲಿ ಹುಡುಗ ಕೇಳ್ತಾನೆ ಕಣ್ರೀ," ಎಂದರು ಅತ್ತೆ.

ಆ ದಿನಗಳಲ್ಲಿ ಟಿವಿಯಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಆ ಧಾರಾವಾಹಿಯನ್ನು, ಹಿಂದಿ ಬಾರದ ಅತ್ತೆಗೆ ನಾನೇ ವಿವರಿಸುತ್ತಿದ್ದೆ. ಗೇಲಿಯನ್ನೂ ಧಾರಾಳವಾಗಿ ಬೆರೆಸುತ್ತಿದ್ದೆ. ನಾಯಕ ಕೋಟ್ಯಧಿಪತಿ, ಆದರೂ ಒಂದು ಕೊಡೆ ಕೊಳ್ಳದೆ ಮಳೆಯಲ್ಲೇ ನಿಂತಿರುತ್ತಾನೆ. ನಾಯಕಿ ರಸ್ತೆ ದಾಟಿದರೆ ಲಾರಿ ಬರಲೇಬೇಕು, ಲಾರಿ ಬಂದರೆ ಅವಳ ನೆನಪು ಹೋಗಲೇಬೇಕು. ಕೈ ಹಿಡಿಯುವುದಕ್ಕೆ ಹತ್ತು ಕಂತು ಬೇಕು. ಅದಕ್ಕೂ ಮೊದಲು ಅವನು "ಹಿಡಿಯಲಾ?" ಎಂದು ಅವಳನ್ನು ಕೇಳುತ್ತಾನೆ. ನಾನು ಅತಿ ಹೆಚ್ಚು ನಕ್ಕಿದ್ದು ಅದಕ್ಕೇ. ಅತ್ತೆ ನಕ್ಕಿರಲಿಲ್ಲ.

ಆ ಸಂಜೆ ಪಾತ್ರೆ ತೊಳೆಯುತ್ತಾ ಅತ್ತೆ ನನ್ನ ಕಡೆ ತಿರುಗಿ, "ನಾವು ನೋಡಕ್ ಬಂದಾಗ ನಿನ್ನ ಯಾರಾದ್ರೂ ಕೇಳಿದ್ರೇನಮ್ಮ?" ಎಂದರು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಧಾರಾವಾಹಿಗೆ ಅಷ್ಟು ಅರ್ಥ ಹೇಳಿದ್ದ ನಾನು, ಅವರು ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆಯತೊಡಗಿದೆ.