ಅಚ್ಚಿಗೆ ಮುಂಚೆ ಓದಿ ಹೇಳಿದ್ದು

ಹಾಸನದ ನಮ್ಮ ಪತ್ರಿಕೆಯ ಸಂಪಾದಕರು, ಯಾರ ಮೇಲೆ ಏನು ಬರೆದು ಕೊಟ್ಟರೂ ಕನ್ನಡಕ ಹಣೆಗೇರಿಸಿ ಕೇಳುತ್ತಿದ್ದರು: "ಅವ್ರಿಗೆ ಓದಿ ಹೇಳ್ದೇನ್ಲಾ?"

ಅರಕಲಗೂಡಿನ ನಮ್ಮ ಅಂಗನವಾಡಿ ಟೀಚರು ಚೀಲದಲ್ಲಿ ಮೊಟ್ಟೆ ಒಯ್ಯುವ ಫೋಟೊ ನನಗೆ ಸಿಕ್ಕಿತ್ತು. 'ಮೊಟ್ಟೆ ಕಳ್ಳಿ' ಎಂದು ಬರೆದುಕೊಂಡು ಹೋದೆ. ಹಾಳೆ ವಾಪಸ್ ಬಂತು. "ಓಗು, ಓದಿ ಹೇಳ್ಬುಟ್ಟು ಬಾ."

ಕಳ್ಳರಿಗೇ ಮುಂಚೆ ಸುದ್ದಿ ಮುಟ್ಟಿಸೋದಾ ಅಂತ ಸಿಡುಕುತ್ತಲೇ ಹೋಗಿ ಓದಿದೆ. ಟೀಚರು ಚೀಲ ಎತ್ತಿಕೊಂಡರು. "ಬನ್ನಿ ಸಾ. ತ್ವಾಟದ್ ಮನೇಲಿ ಇಬ್ರು ಬಾಣಂತೀರವ್ರೆ. ಇಲ್ಲೀಗಂಟ ಬರಕಾಗಲ್ಲ, ನಾನೇ ಕೊಟ್ಟು ಬತ್ತೀನಿ." ಜೊತೆಗೆ ಹೋಗಿ ಕಣ್ಣಾರೆ ನೋಡಿದೆ.

ಆ ಸುದ್ದಿ ಅಚ್ಚಾಗಲಿಲ್ಲ.

ಈಗ ನನ್ನ ಮಗಳೂ ಅದೇ ಅಂಗನವಾಡಿಗೆ ಹೋಗುತ್ತಾಳೆ. ಬೆಳಿಗ್ಗೆ ಬಾಗಿಲಲ್ಲಿ ಆ ಟೀಚರು ಅವಳನ್ನು ಎತ್ತಿಕೊಳ್ಳುವಾಗ, ಮನಸ್ಸಿನಲ್ಲೇ ನಮ್ಮ ಸಂಪಾದಕರಿಗೆ ಕೈ ಮುಗಿಯುತ್ತೇನೆ.