ಏನೂ ಬರೂದಿಲ್ರಿ ಅಂದ ಪೇಟಿ ಮಾಸ್ತರರು

ಎಷ್ಟು ರಾಗ ಬರುತ್ತವೆ ಎಂದು ಯಾರು ಕೇಳಿದರೂ ಈರಪ್ಪ ಮಾಸ್ತರರು ಕಿವಿ ಮುಟ್ಟಿಕೊಂಡು, "ಏನೂ ಬರೂದಿಲ್ರಿ, ಇನ್ನೂ ಕಲ್ಯಾಕತ್ತೇನ್ರಿ" ಎನ್ನುತ್ತಿದ್ದರು. ನಮ್ಮ ಕಡೆಯ ಹಳೆಯ ಸಂಗೀತಗಾರರ ರೀತಿಯೇ ಅದು. ಗುರುವಿನ ಮನೆಯಲ್ಲಿ ನೀರು ಹೊತ್ತು, ಕಸ ಹೊಡೆದು ಕಲಿತವರು ನನಗೆ ಬರುತ್ತದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಕೇಳಿದವರು ನಕ್ಕು ಹಾರ್ಮೋನಿಯಂ ಪೇಟಿಯನ್ನು ಮುಂದಿಡಬೇಕು, ಆಮೇಲೆ ಅವರು ನುಡಿಸಿದ್ದನ್ನು ಕೇಳಬೇಕು.

ಯರಗುಪ್ಪಿಯ ಈ ಮಾಸ್ತರರಿಗೆ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಪೇಟಿ ಸಾಥ್ ಕೊಡುವ ನೌಕರಿ. ಪ್ರಾಧ್ಯಾಪಕರು ಹಾಡಿ ಕಲಿಸುವಾಗ ಬಾಜು ಕೂತು ನುಡಿಸಬೇಕು, ಅಷ್ಟೇ. ಕಲಿಸುವುದು ಅವರ ಕೆಲಸವಲ್ಲ. ಆದರೆ ನಮ್ಮ ಪ್ರಾಧ್ಯಾಪಕರಿಗೆ ಮೀಟಿಂಗು ಮುಗಿದರೆ ಪರೀಕ್ಷೆ, ಪರೀಕ್ಷೆ ಮುಗಿದರೆ ಮೀಟಿಂಗು. ಸಂಶಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ನನಗೆ ಐದು ವರ್ಷ ಸ್ವರ ತಿದ್ದಿದವರು ಈರಪ್ಪ ಮಾಸ್ತರರೇ. ತಪ್ಪಿದರೆ ಬೈಯುತ್ತಿರಲಿಲ್ಲ, ಪೇಟಿ ನಿಲ್ಲಿಸಿ ಸುಮ್ಮನೆ ಕೂತುಬಿಡುತ್ತಿದ್ದರು. ಅದಕ್ಕಿಂತ ಎರಡೇಟು ಹಾಕಿದ್ದರೆ ಚಲೋ ಇತ್ತು ಅನ್ನಿಸುತ್ತಿತ್ತು. ಕಡೆಗೆ, "ಸುನಂದಾ, ಗಂಧಾರದ ಮ್ಯಾಲ ಒಂದೀಟ ನಿಂದ್ರವಾ. ಅದೇನ ಓಡಿ ಹೋಗ್ತೈತೇನ?" ಎನ್ನುತ್ತಿದ್ದರು.

ನನ್ನ ಓದು ಮುಗಿದ ಮೇಲೆ ವಿಭಾಗದಲ್ಲಿ ಒಂದು ಅಧ್ಯಾಪಕ ಹುದ್ದೆಗೆ ಅರ್ಜಿ ಕರೆದರು. ಪದವಿ ಇಲ್ಲದ ಕಲಾವಿದರೂ ಅರ್ಜಿ ಹಾಕಬಹುದಿತ್ತು. ಮಾಸ್ತರರ ನಿವೃತ್ತಿಗೆ ನಾಲ್ಕೇ ವರ್ಷ ಉಳಿದಿತ್ತು. ಒಂದು ದಿನವಾದರೂ ಅಧ್ಯಾಪಕ ಅನ್ನಿಸಿಕೊಂಡು ಮನೆಗೆ ಹೋಗಬೇಕು ಎಂಬ ಆಸೆ ಅವರಿಗೆ. ತಾವು ಅರ್ಜಿ ಹಾಕಿದ್ದಲ್ಲದೆ ನನ್ನಿಂದಲೂ ಹಾಕಿಸಿದರು. "ಇಬ್ಬರಾಗ ಯಾರಿಗೆ ಸಿಕ್ರೂ ಮನಿಯವರಿಗೇ ಸಿಕ್ಕಂಗ" ಅಂದರು.

ಸಂದರ್ಶನಕ್ಕೆ ಪರವೂರಿನಿಂದ ಒಬ್ಬ ತಜ್ಞರು ಬಂದಿದ್ದರು. ಎಷ್ಟು ರಾಗ ಬರುತ್ತವೆ ಎಂದು ಮಾಸ್ತರರನ್ನು ಕೇಳಿದರು. ಮಾಸ್ತರರು ರೂಢಿಯಂತೆ ಕಿವಿ ಮುಟ್ಟಿಕೊಂಡು ಏನೂ ಬರೂದಿಲ್ರಿ ಅಂದರು. ಆ ಮನುಷ್ಯ ಅದನ್ನು ಹಾಗೇ ಬರೆದುಕೊಂಡರಂತೆ. ಯಾರೂ ಪೇಟಿ ಮುಂದಿಡಲಿಲ್ಲ. ಎಲ್ಲ ಗೊತ್ತಿದ್ದ ನಮ್ಮ ಪ್ರಾಧ್ಯಾಪಕರು ಅಲ್ಲೇ ಕೂತಿದ್ದರು, ತುಟಿ ಪಿಟಕ್ಕೆನ್ನಲಿಲ್ಲ.

ಮುಂದಿನ ಸರದಿ ನನ್ನದು. ಬರುವ ರಾಗಗಳನ್ನೂ ಅರ್ಧಮರ್ಧ ಬರುವವನ್ನೂ ಸೇರಿಸಿ ಪಟಪಟನೆ ಹೇಳಿದೆ. ನಿಮ್ಮ ಗುರುಗಳು ಯಾರು ಎಂದು ಕೇಳಿದರು. ಎದುರಿಗೆ ಪ್ರಾಧ್ಯಾಪಕರಿದ್ದರು. ಅವರ ಹೆಸರು ಹೇಳಿದೆ. ನೌಕರಿ ಸಿಕ್ಕಿತು. ಆ ಸುಳ್ಳನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ನಾಲ್ಕು ವರ್ಷ ಮಾಸ್ತರರು ನನ್ನ ಬಾಜು ಕೂತು ನನ್ನ ಕ್ಲಾಸಿಗೆ ಪೇಟಿ ನುಡಿಸಿದರು. ನಾನು ತಪ್ಪಿದಲ್ಲಿ ಹುಡುಗರಿಗೆ ತಿಳಿಯದಂತೆ ಸರಿಯಾದ ಸ್ವರ ಒತ್ತಿ ಸಾವರಿಸಿದರು. ಆಮೇಲೆ ಸಾಥಿದಾರರಾಗಿಯೇ ನಿವೃತ್ತರಾಗಿ ಊರಿಗೆ ಹೋದರು.

ಅವರು ತೀರಿಕೊಳ್ಳುವ ಹದಿನೈದು ದಿನ ಮೊದಲು ಯರಗುಪ್ಪಿಗೆ ಹೋಗಿದ್ದೆ. ಹಾಸಿಗೆ ಹಿಡಿದಿದ್ದರು. ದಮ್ಮು ಹತ್ತುತ್ತಿತ್ತು. ವಿಭಾಗದ ಮುಖ್ಯಸ್ಥೆಯಾದೆ ಎಂದು ಹೇಳಿದೆ. "ಭಾಳ ಚಲೋ ಆತವಾ" ಅಂದರು. ನಿಜವಾಗಿ ಖುಷಿಪಟ್ಟರು. ಆಗ ನನಗೆ ತಡೆಯಲಾಗಲಿಲ್ಲ.

"ಸರ, ಆ ನೌಕರಿ ವಿಷಯ ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ."

"ನೌಕರಿದೇನಿಲ್ಲವಾ. ಅದು ಯಾರ ಹಣೇಬಾರದಾಗ ಇತ್ತೋ ಅವರಿಗೆ ಸಿಕ್ತು." ದಮ್ಮು ಹಿಡಿಯಲು ಸ್ವಲ್ಪ ತಡೆದರು. "ಅವತ್ತ ನಾ ಬಾಗಲಾ ಹೊರಗ ಚಪ್ಲಿ ಮೆಟ್ಕೊಳ್ಳಾಕತ್ತಿದ್ದೆ. ಗುರುಗಳ ಯಾರು ಅಂತ ನಿನ್ನ ಕೇಳಿದ್ದು ಕೇಳಿಸ್ತು. ನೀ ಹೇಳಿದ್ದೂ ಕೇಳಿಸ್ತು. ಅದಕ್ಕ ಅಗದೀ ಕೆಟ್ಟ ಅನ್ನಿಸ್ತು ನೋಡು."

ತಪ್ಪಾಯಿತು ಎಂದು ಕಾಲು ಹಿಡಿಯಬೇಕಿತ್ತು. "ಬಸ್ಸಿಗೆ ಹೊತ್ತಾತ್ರಿ ಸರ, ಬರ್ತೇನ್ರಿ" ಎಂದು ಎದ್ದುಬಂದೆ.

ಬಸ್ಸಿಗೆ ಇನ್ನೂ ಒಂದು ತಾಸು ಇತ್ತು.