ಸುಬ್ಬುಲಕ್ಷ್ಮಿ ಅತ್ತೆಯ ಎರಡು ನೋಟ್‌ಬುಕ್‌

"ಅಮ್ಮಾ, ಪಕ್ಕದ್ಮನೆ ಅಜ್ಜಿ ತಾತ ಇಬ್ರಿಗೂ ಒಂದೇ ಕೆಮ್ಮು ತಾನೆ? ತಾತನ್ನ ಮಾತ್ರ ಮದುರೈಗೆ ಯಾಕೆ ಕರ್ಕೊಂಡೋದ್ರು?"

ಐದು ವರ್ಷದ ಮಗಳು ಇಂದುಜಾ ಕೇಳಿದಾಗ ಹೆಂಚಿನ ಮೇಲಿನ ದೋಸೆ ಸೀದುಹೋಯಿತು. ನನಗೆ ಸಿಟ್ಟು ಬಂತು.

ಪಕ್ಕದ ಮನೆಯ ಸುಬ್ಬುಲಕ್ಷ್ಮಿ ಅತ್ತೆ ಮೂವತ್ತು ವರ್ಷ ತಮಿಳುನಾಡಿನ ತೇನಿ ಕಡೆಯ ನಮ್ಮ ಗೂಡಲೂರಿನಿಂದ ಜೀಪಿನಲ್ಲಿ ಘಾಟಿ ಹತ್ತಿ, ಏಲಕ್ಕಿ ಒಣಗಿಸುವ ಒಲೆಗೆ ಸೌದೆ ಒಟ್ಟಿದವಳು. ಆ ಜೀಪು ಓಡಿಸುತ್ತಿದ್ದವರು ಅವಳ ಗಂಡ ಪೊನ್ನುಸಾಮಿ ಮಾವ, ಬಾಯಲ್ಲಿ ಸದಾ ಬೀಡಿ. ಅವಳಿಗೆ ಹೊಗೆ, ಇವರಿಗೆ ಬೀಡಿ. ಶ್ವಾಸಕೋಶದ ರೋಗ ಮಾತ್ರ ಒಂದೇ.

ಹೋದ ವರ್ಷ ಮಾವನಿಗೆ ಎದೆ ಹಿಡಿಯಿತು. ಅಂದೇ ಇಸಿಜಿ, ಅಂದೇ ಮದುರೈ, ಹೃದಯಕ್ಕೆ ಸ್ಟೆಂಟ್. ಶ್ವಾಸಕೋಶ ಕೆಟ್ಟವರ ಹೃದಯವನ್ನೂ ನೋಡಲೇಬೇಕು ಅಂದರಂತೆ ಡಾಕ್ಟರು. ಸರಿ, ಅತ್ತೆಗೆ ಹೃದಯ ಇಲ್ಲವೇ? ಅವಳ ಕಾಲು ಊದಿ ಆರು ತಿಂಗಳಾಯಿತು, ಮಲಗಿದರೆ ಉಸಿರು ಕಟ್ಟುತ್ತದೆ. ವಯಸ್ಸು, ಚಿಂತೆ ಅಂತ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ಹೋದ ವಾರ ಪಕ್ಕೆಲುಬು ಬಿರುಕು ಬಿಟ್ಟಿತು. ಬಿದ್ದಲ್ಲ, ಕೆಮ್ಮಿ!

ನೋಡಲು ಹೋದಾಗ ಅವಳ ಚೀಲದಲ್ಲಿ ಡಾಕ್ಟರುಗಳು ಬರೆದುಕೊಡುವ ಎರಡು ನೋಟ್‌ಬುಕ್‌ ಸಿಕ್ಕವು, ಉಸಿರಿನ ಡಾಕ್ಟರದೊಂದು, ಶುಗರ್ ಡಾಕ್ಟರದೊಂದು. ಉಸಿರಿನದರಲ್ಲಿ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ. ಶುಗರಿನದರಲ್ಲಿ ತಿಂಗಳು ತಿಂಗಳೂ ಏರಿದ ಶುಗರ್. ಆ ಮಾತ್ರೆ ಶುಗರ್ ಏರಿಸುತ್ತದೆ, ಎಲುಬು ಸವೆಸುತ್ತದೆ; ಮದುವೆಗೆ ಮುಂಚೆ ಮೆಡಿಕಲ್ ಶಾಪಿನಲ್ಲಿದ್ದ ನನಗೇ ಗೊತ್ತು.

"ಉಸಿರಿನ ಡಾಕ್ಟರಿಗೆ ಶುಗರಿನ ನೋಟು ತೋರಿಸ್ಲಿಲ್ವಾ ಅತ್ತೆ?"

"ಒಬ್ರ ಮುಂದ ಇನ್ನೊಬ್ರ ನೋಟು ಬಿಚ್ಚಾದು ಮರ್ಯಾದಿಯಾ ತಾಯಿ? ಅವ್ರೂ ಕೇಳ್ಲಿಲ್ಲ."

ಕೇಳಬೇಕಿತ್ತು. ಒಬ್ಬರಾದರೂ ಕೇಳಬೇಕಿತ್ತು.

ಜಗಲಿಯಿಂದ ಮಾವ, "ನಿಮ್ಮತ್ತೆಗೆ ಬಯ ಜಾಸ್ತಿ ಕಣಮ್ಮಾ, ಬೇರೇನಿಲ್ಲ" ಅಂದರು.

"ಎದೆ ಹಿಡ್ದಾಗ ತೇನಿ ದಾಟಾಗಂಟ ಅವ್ವಾ ಅವ್ವಾ ಅಂತ ಅತ್ತೋರು ಯಾರು, ಕೇಳು!" ಅಂದಳು ಅತ್ತೆ. ನಗಲು ಹೋಗಿ ಪಕ್ಕೆ ಹಿಡಿದುಕೊಂಡಳು.

ಇಂದುಜಾಳ ಡ್ರಾಯಿಂಗ್ ಪುಸ್ತಕದಿಂದ ಒಂದು ಹಾಳೆ ಹರಿದು, ಎಲ್ಲವನ್ನೂ ತಮಿಳಿನಲ್ಲಿ ಬರೆದೆ: ಉಸಿರು, ಶುಗರ್, ಕಾಲೂತ, ಪಕ್ಕೆಲುಬು, ಮಾತ್ರೆಗಳ ಹೆಸರು. ಕೊನೆಗೆ ದೊಡ್ಡದಾಗಿ, ಹೃದಯ ಪರೀಕ್ಷೆ ಆಗಿಲ್ಲ ಎಂದು. ಮೇಲೆ ಅವಳ ಹೆಸರು ಬರೆಯಲು ಹೋದೆ. ಅತ್ತೆ ಕೈ ಹಿಡಿದಳು.

"ಮಂಗಳವಾರ ಆಸ್ಪತ್ರೆಗೆ ನೀನೂ ಜೊತ್ಯಾಗ ಬಾ ತಾಯಿ. ಒಂದುಪಕಾರ ಮಾಡು. ಮೊದ್ಲು ಪೊನ್ನುಸಾಮಿಗೆ ಹಿಂಗಾಗೈತೆ ಅಂತ ಓದು. ಡಾಕ್ಟ್ರು ಟೆಸ್ಟು ಬರದ ಮ್ಯಾಲೆ ನನ್ ಹೆಸ್ರು ಹೇಳು."